ಕಾವಲಿಗೆ ಒಂದು, ತಪಾಸಣೆಗೆ ಮೂರು: ಸಿಸ್ಟಂ ರಿಸ್ಟೋರ್ ಜೊತೆ ಹಲವು ಆಂಟಿಸ್ಪೈವೇರ್‌ಗಳ ವಿಮರ್ಶೆ

ವಿಂಡೋಸ್ ಕಂಪ್ಯೂಟರಿಗೆ ಎರಡು ಮೂರು ಆಂಟಿಸ್ಪೈವೇರ್ (ಕದ್ದು ಕಣ್ಣಿಡುವ ಸ್ಪೈವೇರನ್ನು ಹುಡುಕಿ ತೆಗೆಯುವ ತಂತ್ರಾಂಶ) ಹಾಕಿ, ಜೊತೆಗೆ ಸಿಸ್ಟಂ ರಿಸ್ಟೋರ್ ಕೂಡ ಆನ್ ಮಾಡಿಟ್ಟರೆ ಇನ್ನು ಚಿಂತೆಯಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಅದರಲ್ಲಿ ಅರ್ಧ ನಿಜವಿದೆ. ಸ್ಕ್ಯಾನರ್‌ಗಳು ಎಷ್ಟಾದರೂ ಇರಲಿ, ಸದಾ ಎಚ್ಚರವಾಗಿರುವ ಕಾವಲು ಮಾತ್ರ ಒಂದೇ ಇರಬೇಕು. ಇನ್ನು ಸಿಸ್ಟಂ ರಿಸ್ಟೋರ್ ಇರುವುದು ಸ್ಪೈವೇರ್ ಓಡಿಸಲಿಕ್ಕಲ್ಲ. ಓಡಿಸಲು ಬಂದ ತಂತ್ರಾಂಶ ಎಡವಟ್ಟು ಮಾಡಿದಾಗ ಹಿಂದಿನ ಸ್ಥಿತಿಗೆ ಮರಳಲಿಕ್ಕೆ. ಇವೆರಡನ್ನು ಬೆರೆಸಿಕೊಂಡವರೇ ಹೆಚ್ಚು ಪೆಟ್ಟು ತಿನ್ನುವುದು.

ಇಲ್ಲಿ ನೋಡುತ್ತಿರುವ ಜೋಡಣೆ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಕಾವಲಿಗೆ ಮೈಕ್ರೋಸಾಫ್ಟ್ ಡಿಫೆಂಡರ್, ಬೇಕಾದಾಗ ಮಾತ್ರ ಕರೆಯಲು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಆ್ಯಡ್‌ಡಬ್ಲ್ಯುಕ್ಲೀನರ್ ಮತ್ತು ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್. ಹಳಬರು ಇನ್ನೂ ಬಿಡದ ಸ್ಪೈಬಾಟ್ ಬಗ್ಗೆಯೂ ಒಂದಿಷ್ಟು.

ಹಲವು ಆಂಟಿಸ್ಪೈವೇರ್ ಹಾಕುವ ಅಭ್ಯಾಸ ಸುಮ್ಮನೆ ಹುಟ್ಟಿದ್ದಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಆಂಟಿವೈರಸ್ ಕಂಪನಿಗಳು ಜಾಹೀರಾತು ತುರುಕುವ, ಬ್ರೌಸರಿನ ಹೋಂ ಪೇಜ್ ಕದಿಯುವ ಕಾರ್ಯಕ್ರಮಗಳನ್ನು ವೈರಸ್ ಎಂದು ಪರಿಗಣಿಸುತ್ತಲೇ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಆ್ಯಡ್‌-ಅವೇರ್ ಮತ್ತು ಸ್ಪೈಬಾಟ್ ಬೆಳೆದವು. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತಿದ್ದುದರಿಂದ ಎರಡನ್ನೂ ಇಟ್ಟುಕೊಳ್ಳುವುದು ಆಗ ಜಾಣತನವೇ ಆಗಿತ್ತು. ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡು, ಅದರ ಆಂಟಿಸ್ಪೈವೇರನ್ನೇ ಮುಂದೆ ವಿಂಡೋಸ್ ಡಿಫೆಂಡರ್ ಮಾಡಿತು. 2012ರಲ್ಲಿ ವಿಂಡೋಸ್ 8 ಬಂದಾಗ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್ ಆಯಿತು. ಅಂದಿನ ಕಾರಣ ಇಂದು ಬಹುಮಟ್ಟಿಗೆ ಇಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಎರಡು ಕಾವಲುಗಳು ಯಾಕೆ ಜಗಳವಾಡುತ್ತವೆ? ಸದಾ ಎಚ್ಚರವಿರುವ ಪ್ರತಿಯೊಂದು ರಿಯಲ್‌ಟೈಮ್ ಸ್ಕ್ಯಾನರ್ ಫೈಲ್ ಸಿಸ್ಟಮ್ಮಿನ ದಾರಿಯಲ್ಲಿ ತನ್ನದೊಂದು ಫಿಲ್ಟರ್ ಡ್ರೈವರ್ ಕೂರಿಸುತ್ತದೆ. ಯಾವುದೇ ಫೈಲ್ ತೆರೆದರೂ ಅದು ಮೊದಲು ಈ ಫಿಲ್ಟರ್‌ಗಳನ್ನು ದಾಟಿ ಬರಬೇಕು. ಎರಡು ಫಿಲ್ಟರ್‌ಗಳಿದ್ದರೆ ಒಂದು ಪರೀಕ್ಷಿಸಲು ತೆರೆದ ಫೈಲನ್ನು ಇನ್ನೊಂದೂ ಪರೀಕ್ಷೆಗೆ ಎಳೆಯುತ್ತದೆ. ಸಾವಿರಾರು ಸಣ್ಣ ಫೈಲ್‌ಗಳಿರುವ ಫೋಲ್ಡರ್ ಕಾಪಿ ಮಾಡುವಾಗ, ಜಿಪ್ ಬಿಚ್ಚುವಾಗ ಈ ನಿಧಾನ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸ್ಪೈವೇರ್ ನಿಜವಾಗಿ ಸಿಕ್ಕಾಗ ಆಗುವ ಗೊಂದಲ. ಇಬ್ಬರೂ ಒಂದೇ ಫೈಲನ್ನು ಹಿಡಿದೆಳೆದರೆ ಒಬ್ಬನಿಗೆ ಫೈಲ್ ಸಿಗುವುದಿಲ್ಲ, ಮತ್ತೊಬ್ಬನಿಗೆ ಅಳಿಸಲು ಅನುಮತಿಯಿಲ್ಲ. ಪರದೆಯ ಮೇಲೆ ಅದೇ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ.

ನಿಮ್ಮ ಯಂತ್ರದಲ್ಲಿ ಯಾರ್ಯಾರು ಕಾವಲಿಗಿದ್ದಾರೆ ಎಂದು ತಿಳಿಯಲು ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್ ಒಳಗಿನ ‘ಮ್ಯಾನೇಜ್ ಪ್ರೊವೈಡರ್ಸ್’ ನೋಡಿ. ಬೇರೆ ಆಂಟಿವೈರಸ್ ಅಲ್ಲಿ ನೋಂದಾಯಿಸಿಕೊಂಡರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ತೊಂದರೆ ಬರುವುದು ನೋಂದಾಯಿಸಿಕೊಳ್ಳದೆಯೇ ಕಾವಲು ಕಾಯುವ ತಂತ್ರಾಂಶಗಳಿಂದ. ಡಿಫೆಂಡರಿಗೆ ಅವುಗಳ ಸುಳಿವಿಲ್ಲ, ಹಾಗಾಗಿ ಎರಡೂ ಓಡುತ್ತಿರುತ್ತವೆ.

ಮಾಲ್‌ವೇರ್‌ಬೈಟ್ಸ್‌ನಲ್ಲಿ ಮುಗ್ಗರಿಸುವುದು ಇಲ್ಲಿಯೇ. ಹೊಸದಾಗಿ ಹಾಕಿದಾಗ 14 ದಿನಗಳ ಪ್ರೀಮಿಯಂ ಟ್ರಯಲ್ ಶುರುವಾಗುತ್ತದೆ, ಅಂದರೆ ರಿಯಲ್‌ಟೈಮ್ ಕಾವಲೂ ಜೊತೆಗೇ ಬರುತ್ತದೆ. ‘ಉಚಿತ ಸ್ಕ್ಯಾನರ್ ತಾನೆ’ ಎಂದುಕೊಂಡು ಹಾಕಿದವರ ಯಂತ್ರದಲ್ಲಿ ಡಿಫೆಂಡರ್ ಪಕ್ಕಕ್ಕೆ ಸರಿದಿರಬಹುದು, ಇಲ್ಲವೇ ಎರಡೂ ಒಟ್ಟಿಗೆ ಕೆಲಸ ಮಾಡುತ್ತಿರಬಹುದು. ಯಾವುದು ಎಂಬುದನ್ನು ತೀರ್ಮಾನಿಸುವುದು ಅದರ ಸೆಟ್ಟಿಂಗ್ಸ್‌ನಲ್ಲಿರುವ, ವಿಂಡೋಸ್ ಸೆಕ್ಯುರಿಟಿ ಸೆಂಟರಿನಲ್ಲಿ ನೋಂದಾಯಿಸುವ ಆಯ್ಕೆ. ಬರೀ ಎರಡನೇ ಅಭಿಪ್ರಾಯಕ್ಕಾಗಿ ಇಟ್ಟುಕೊಳ್ಳುವವರು ಟ್ರಯಲನ್ನು ಮೊದಲ ದಿನವೇ ನಿಲ್ಲಿಸಿ, ಡಿಫೆಂಡರಿನ ರಿಯಲ್‌ಟೈಮ್ ಸ್ವಿಚ್ ಆನ್ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ರೂಟ್‌ಕಿಟ್ (ವಿಂಡೋಸಿನ ಆಳದಲ್ಲಿ ಅಡಗಿ ಕೂರುವ ಕುತಂತ್ರಾಂಶ) ಹುಡುಕುವ ಆಯ್ಕೆ ಇದರಲ್ಲಿ ಮೊದಲಿನಿಂದ ಆಫ್ ಇರುತ್ತದೆ. ಅನುಮಾನವಿದ್ದಾಗ ಅದನ್ನು ಆನ್ ಮಾಡಿಯೇ ಸ್ಕ್ಯಾನ್ ಮಾಡಿ, ಸಮಯ ಹೆಚ್ಚು ಹಿಡಿದರೂ ಸರಿ. ಬೇಡದ ಟೂಲ್‌ಬಾರ್, ಸುಳ್ಳು ‘ಡ್ರೈವರ್ ಅಪ್‌ಡೇಟರ್’ ಮೊದಲಾದ ಅರೆಬೆಂದ ಕುತಂತ್ರಾಂಶಗಳ ಮೇಲೆ ಇದರ ಕಣ್ಣು ಚುರುಕು. ಡಿಫೆಂಡರಿನಲ್ಲಿ ಅದೇ ಕೆಲಸಕ್ಕೆ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗೆ ಹೋಗಿ, ಬೇಡದ ಆ್ಯಪ್ ತಡೆಯುವ ಸ್ವಿಚ್ ಆನ್ ಇದೆಯೇ ಎಂದು ನೋಡಬೇಕು.

ಆ್ಯಡ್‌ಡಬ್ಲ್ಯುಕ್ಲೀನರ್ ಈಗ ಮಾಲ್‌ವೇರ್‌ಬೈಟ್ಸ್ ಮನೆಯದೇ. 2016ರಲ್ಲಿ ಅದರ ಕೈಗೆ ಬಂತು. ಇನ್‌ಸ್ಟಾಲ್ ಬೇಡ, ಒಂದೇ ಫೈಲ್, ಹಿನ್ನೆಲೆಯಲ್ಲಿ ಏನೂ ಓಡುವುದಿಲ್ಲ. ಈ ಗುಂಪಿನಲ್ಲಿ ಯಾರ ಜೊತೆಯೂ ಜಗಳವಾಡದ ಸದಸ್ಯ ಇದು. ಕೆಲವೇ ನಿಮಿಷಗಳಲ್ಲಿ ಸ್ಕ್ಯಾನ್ ಮುಗಿಯುತ್ತದೆ. ಆದರೆ ಇದರ ‘ಬೇಸಿಕ್ ರಿಪೇರ್’ ಆಯ್ಕೆಗಳನ್ನು ಓದದೆ ಟಿಕ್ ಮಾಡಬೇಡಿ. ಪ್ರಾಕ್ಸಿ (ಇಂಟರ್ನೆಟ್ಟಿಗೆ ಹೋಗುವ ದಾರಿಯ ನಡುವಿನ ಸರ್ವರ್), ಹೋಸ್ಟ್ಸ್ ಫೈಲ್ (ತಾಣಗಳ ವಿಳಾಸ ಬರೆದಿಡುವ ಪಟ್ಟಿ), ವಿನ್‌ಸಾಕ್ (ವಿಂಡೋಸಿನ ನೆಟ್‌ವರ್ಕ್ ಜೋಡಣೆ) ಇವನ್ನೆಲ್ಲ ಮೂಲಸ್ಥಿತಿಗೆ ತರುವ ಆಯ್ಕೆಗಳು ಅಲ್ಲಿವೆ. ಕಚೇರಿಯ ಕೆಲಸಕ್ಕೆಂದು ಬೇಕೆಂದೇ ಪ್ರಾಕ್ಸಿ ಹಾಕಿಕೊಂಡವರಿಗೆ ಮರುದಿನ ಇಂಟರ್ನೆಟ್ ಇರುವುದಿಲ್ಲ. ಕಂಪ್ಯೂಟರ್ ಕಂಪನಿಯೇ ಹಾಕಿ ಕಳಿಸಿದ ತಂತ್ರಾಂಶಗಳನ್ನೂ ಇದು ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಅವು ಸ್ಪೈವೇರ್ ಅಲ್ಲ, ಬೇಡವೆಂದಾದರೆ ತೆಗೆಯಬಹುದು, ಅಷ್ಟೆ.

ಸೇಫ್ಟಿ ಸ್ಕ್ಯಾನರ್‌ಗೆ ಆಯುಸ್ಸು ಕಡಿಮೆ, ಡೌನ್‌ಲೋಡ್ ಮಾಡಿ 10 ದಿನಕ್ಕೆ ಕೆಲಸ ನಿಲ್ಲಿಸುತ್ತದೆ. ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದಿಲ್ಲ, ಪ್ರತಿ ಸಲ ಹೊಸದಾಗಿ ಇಳಿಸಿಕೊಳ್ಳಬೇಕು. ಸ್ಕ್ಯಾನ್ ನಡೆಯುವಾಗ ‘ಇಷ್ಟು ಫೈಲ್ ಸೋಂಕಿತ’ ಎಂದು ತೋರಿಸಿ, ಕೊನೆಗೆ ಏನೂ ಇಲ್ಲ ಎನ್ನುವುದುಂಟು. ನಡುವಿನ ಸಂಖ್ಯೆ ಬರೀ ಅನುಮಾನದ್ದು, ಪಕ್ಕಾ ಫಲಿತಾಂಶ ಬೇಕಾದರೆ ವಿಂಡೋಸ್ ಫೋಲ್ಡರಿನ ಡೀಬಗ್ ಒಳಗಿರುವ ಲಾಗ್ ಓದಬೇಕು. ಡಿಫೆಂಡರಿನ ಎಂಜಿನ್ನೇ ಇದರೊಳಗೂ ಇರುವುದರಿಂದ, ಡಿಫೆಂಡರ್ ಸರಿಯಾಗಿ ಕೆಲಸ ಮಾಡುತ್ತಿರುವ ಯಂತ್ರದಲ್ಲಿ ಇದನ್ನು ‘ಎರಡನೇ ಅಭಿಪ್ರಾಯ’ ಎನ್ನುವುದು ಅದೇ ವೈದ್ಯರ ಬಳಿ ಮತ್ತೊಮ್ಮೆ ಚೀಟಿ ಮಾಡಿಸಿದ ಹಾಗೆ. ಡಿಫೆಂಡರನ್ನೇ ಕುತಂತ್ರಾಂಶ ಕೆಡವಿ ಹಾಕಿದ್ದರೆ ಮಾತ್ರ ಇದು ಬೆಲೆಬಾಳುತ್ತದೆ. ಅಂಥ ಹೊತ್ತಿನಲ್ಲಿ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೂಡ ಒಳ್ಳೆಯದು. ವಿಂಡೋಸ್ ಏಳುವ ಮೊದಲೇ, ಅಂದರೆ ಸ್ಪೈವೇರ್ ಇನ್ನೂ ನಿದ್ದೆಯಲ್ಲಿರುವಾಗಲೇ, ಸುಮಾರು 15 ನಿಮಿಷ ಹುಡುಕುತ್ತದೆ.

ಸ್ಪೈಬಾಟ್ ಇಂದು ಬೇಕೇ? ಬೇಡ ಎನ್ನುವುದೇ ನಮ್ಮ ಮಾತು. ಹಳೆಯ 1.x ಆವೃತ್ತಿಯ ‘ಟೀಟೈಮರ್’ ಇಡೀ ಜೋಡಣೆಯನ್ನೇ ಕೆಡಿಸುತ್ತಿತ್ತು. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗ್‌ಗಳ ಕಡತ) ಯಾರು ಏನು ಬದಲಿಸಿದರೂ ತಡೆದು ಕೇಳುತ್ತಿದ್ದುದರಿಂದ, ಬೇರೆ ಸ್ಕ್ಯಾನರ್ ತೆಗೆದ ನಮೂದನ್ನು ಇದು ವಾಪಸ್ ಕೂರಿಸಿದ ಪ್ರಸಂಗಗಳು ಸಾಮಾನ್ಯವಾಗಿದ್ದವು. ಸ್ವಚ್ಛತೆಗೆ ಮೊದಲು ಟೀಟೈಮರ್ ಆಫ್ ಮಾಡಿ ಎಂಬ ಸಲಹೆ ಹುಟ್ಟಿದ್ದು ಹಾಗೆ. ಅದರ ‘ಇಮ್ಯುನೈಸ್’ ಹೋಸ್ಟ್ಸ್ ಫೈಲಿಗೆ ಸಾವಿರಾರು ಸಾಲು ತುಂಬುತ್ತದೆ. ಅಷ್ಟು ಉಬ್ಬಿದ ಹೋಸ್ಟ್ಸ್ ಫೈಲಿನಿಂದ ಬ್ರೌಸಿಂಗ್ ತಡವರಿಸುವುದುಂಟು. ಹೋಸ್ಟ್ಸ್ ಫೈಲಿನಲ್ಲಿ ಮೈಕ್ರೋಸಾಫ್ಟ್‌ನ ಟೆಲಿಮೆಟ್ರಿ (ಬಳಕೆಯ ಮಾಹಿತಿ ಸಂಗ್ರಹಿಸುವ) ಸರ್ವರ್‌ಗಳನ್ನು ಯಾರೇ ತಡೆದಿದ್ದರೂ 2020ರಿಂದ ಡಿಫೆಂಡರ್ ಅದನ್ನೇ ಅಪಾಯವೆಂದು ಹಿಡಿಯುತ್ತಿದೆ.

ಈಗ ಸಿಸ್ಟಂ ರಿಸ್ಟೋರ್. ವಿಂಡೋಸ್ ಮಿ ಜೊತೆ 2000ದಲ್ಲಿ ಬಂದ ಇದು, ವಿಸ್ಟಾದಿಂದೀಚೆಗೆ ಶ್ಯಾಡೋ ಕಾಪಿ, ಅಂದರೆ ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ನಕಲಿಟ್ಟುಕೊಳ್ಳುವ ತಂತ್ರದ ಮೇಲೆ ನಿಂತಿದೆ. ರಿಜಿಸ್ಟ್ರಿ, ಸಿಸ್ಟಂ ಫೈಲ್‌ಗಳು, ಡ್ರೈವರ್‌ಗಳು ಮತ್ತು ಇನ್‌ಸ್ಟಾಲ್ ಆದ ಕಾರ್ಯಕ್ರಮಗಳನ್ನು ಹಿಂದಕ್ಕೆ ಕೊಂಡೊಯ್ಯುತ್ತದೆ, ನಿಮ್ಮ ಪತ್ರ-ಫೋಟೋಗಳನ್ನು ಮುಟ್ಟುವುದಿಲ್ಲ. ಸ್ವಚ್ಛಗೊಳಿಸುವ ತಂತ್ರಾಂಶಗಳ ಜೊತೆ ಇದು ಯಾಕೆ ಬೇಕೆಂದರೆ, ಅವುಗಳೂ ತಪ್ಪುತ್ತವೆ. 2010ರ ಏಪ್ರಿಲ್ 21ರಂದು ಮೆಕಾಫಿಯ 5958 ಸಂಖ್ಯೆಯ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ‘ಎಸ್‌ವಿಸಿ ಹೋಸ್ಟ್’ ಎಂಬ ಅತ್ಯಗತ್ಯ ಫೈಲನ್ನೇ ವೈರಸ್ ಎಂದು ಹಿಡಿದು, ಲೋಕದ ತುಂಬ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಬೂಟ್ ಆಗುತ್ತ ಕೂತಿದ್ದವು. ಸ್ಕ್ಯಾನರ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಇಂಥ ತಪ್ಪುಹಿಡಿತದ ಸಾಧ್ಯತೆಯೂ ಹೆಚ್ಚುತ್ತದೆ ಎಂಬುದನ್ನು ಹಲವು ಸ್ಕ್ಯಾನರ್ ಪ್ರಿಯರು ಮರೆಯುತ್ತಾರೆ.

ಮೊದಲು ಇದು ಆನ್ ಇದೆಯೇ ನೋಡಿ. ವಿಂಡೋಸ್ 10 ಮತ್ತು 11ರ ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಬಂದಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿದರೆ ಸಿಸ್ಟಂ ಪ್ರೊಟೆಕ್ಷನ್ ಪುಟ ತೆರೆಯುತ್ತದೆ. ಸಿ ಡ್ರೈವ್ ಆರಿಸಿ, ‘ಕಾನ್ಫಿಗರ್’ ಒತ್ತಿ, ಆನ್ ಮಾಡಿ, ಕೆಳಗಿನ ಸ್ಲೈಡರಿನಲ್ಲಿ ಜಾಗ ಕೊಡಿ. 256 ಜಿಬಿ ಡಿಸ್ಕಿಗೆ 10ರಿಂದ 15 ಜಿಬಿ ಕೊಟ್ಟರೆ ಸಾಕು. 2-3 ಜಿಬಿ ಮಾತ್ರ ಕೊಟ್ಟವರಿಗೆ ಒಂದು ದೊಡ್ಡ ವಿಂಡೋಸ್ ಅಪ್‌ಡೇಟ್ ಬಂದೊಡನೆ ಹಳೆಯ ಪಾಯಿಂಟ್‌ಗಳೆಲ್ಲ (ಮರಳಲೆಂದು ಉಳಿಸಿಟ್ಟ ಸ್ಥಿತಿಗಳು) ಮಾಯ. ಜಾಗ ತುಂಬಿದಾಗ ಹಳೆಯದನ್ನು ಸದ್ದಿಲ್ಲದೆ ಅಳಿಸುವುದು ಇದರ ಸ್ವಭಾವ. ವಿಂಡೋಸಿನ ಆವೃತ್ತಿ ಬದಲಾಯಿಸುವ ದೊಡ್ಡ ಅಪ್‌ಗ್ರೇಡ್ ಆದರೂ ಹಿಂದಿನ ಪಾಯಿಂಟ್‌ಗಳು ಉಳಿಯುವುದಿಲ್ಲ. ಜಾಗ ಎಷ್ಟಿದ್ದರೂ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜೂನ್ ಅಪ್‌ಡೇಟಿನ ನಂತರ ಪಾಯಿಂಟ್‌ಗಳ ಗರಿಷ್ಠ ಆಯುಸ್ಸು 60 ದಿನ.

ಆನ್ ಮಾಡಿದ ಮಾತ್ರಕ್ಕೆ ಬೇಕಾದಾಗ ಪಾಯಿಂಟ್ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ವಿಂಡೋಸ್ ತಾನಾಗಿ ಮಾಡುವುದು ಹಿಂದಿನ 7 ದಿನಗಳಲ್ಲಿ ಬೇರೆ ಪಾಯಿಂಟ್ ಇಲ್ಲದಿದ್ದರೆ ಮಾತ್ರ. ಡಿಫೆಂಡರ್ ಸ್ವಚ್ಛಗೊಳಿಸುವ ಮೊದಲು ಪಾಯಿಂಟ್ ಮಾಡುತ್ತದೆ ಎಂದು ಹಲವರು ನಂಬಿದ್ದಾರೆ, ಆದರೆ ಆ ನೀತಿ ಮೂಲದಲ್ಲಿ ಆಫ್. ಪ್ರೊ ಆವೃತ್ತಿಯವರು ಗ್ರೂಪ್ ಪಾಲಿಸಿಯಲ್ಲಿ ಡಿಫೆಂಡರಿನ ‘ಸ್ಕ್ಯಾನ್’ ವಿಭಾಗಕ್ಕೆ ಹೋಗಿ ಅದನ್ನು ಆನ್ ಮಾಡಬಹುದು. ಇನ್ನೊಂದು ಬಲೆ: ವಿಂಡೋಸ್ 8ರಿಂದೀಚೆಗೆ, ಕಳೆದ 24 ಗಂಟೆಯಲ್ಲಿ ಒಂದು ಪಾಯಿಂಟ್ ಆಗಿದ್ದರೆ ಬೇರೆ ತಂತ್ರಾಂಶ ಕೇಳಿದ ಹೊಸ ಪಾಯಿಂಟನ್ನು ವಿಂಡೋಸ್ ಮಾಡುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ. ಬೆಳಿಗ್ಗೆ ಒಂದು ಸ್ಕ್ಯಾನರ್ ಪಾಯಿಂಟ್ ಮಾಡಿ, ಸಂಜೆ ಇನ್ನೊಂದು ‘ಮಾಡಿದ್ದೇನೆ’ ಎಂದುಕೊಂಡು ಕೆಲಸ ಶುರುಮಾಡಿದರೆ ನಿಮ್ಮ ಕೈಯಲ್ಲಿರುವುದು ಬೆಳಗಿನದು ಮಾತ್ರ. ಆದ್ದರಿಂದ ಹಲವು ಸ್ಕ್ಯಾನರ್ ಓಡಿಸುವ ದಿನ ಸಿಸ್ಟಂ ಪ್ರೊಟೆಕ್ಷನ್ ಪುಟದ ‘ಕ್ರಿಯೇಟ್’ ಗುಂಡಿಯನ್ನು ಪ್ರತಿ ಹಂತಕ್ಕೂ ಕೈಯಾರೆ ಒತ್ತಿ, ‘ಮಾಲ್‌ವೇರ್‌ಬೈಟ್ಸ್‌ಗೆ ಮುನ್ನ’ ಎಂಬಂಥ ಹೆಸರು ಕೊಡುವುದೇ ಸರಿ.

ಕೆಲಸದ ಕ್ರಮ ಹೀಗಿರಲಿ. ಎಲ್ಲ ಸ್ಕ್ಯಾನರ್‌ಗಳನ್ನೂ ಇಳಿಸಿ, ಅಪ್‌ಡೇಟ್ ಮಾಡಿ, ಆಮೇಲೆ ಇಂಟರ್ನೆಟ್ ಕಡಿಯಿರಿ. ಪಾಯಿಂಟ್ ಮಾಡಿ. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಮೊದಲು. ಯಂತ್ರ ಮರಳಿ ಎದ್ದ ಮೇಲೆ ಮಾಲ್‌ವೇರ್‌ಬೈಟ್ಸ್, ರೀಬೂಟ್, ನಂತರ ಉಳಿದ ಕಸಕ್ಕೆ ಆ್ಯಡ್‌ಡಬ್ಲ್ಯುಕ್ಲೀನರ್, ಮತ್ತೆ ರೀಬೂಟ್. ಒಂದು ಓಡುವಾಗ ಇನ್ನೊಂದನ್ನು ಓಡಿಸಬೇಡಿ, ರೀಬೂಟ್ ತಪ್ಪಿಸಬೇಡಿ. ಬಳಕೆಯಲ್ಲಿರುವ ಫೈಲ್‌ಗಳನ್ನು ರೀಬೂಟಿನಲ್ಲಿ ಅಳಿಸಲು ಸ್ಕ್ಯಾನರ್‌ಗಳು ಗುರುತು ಹಾಕಿಟ್ಟಿರುತ್ತವೆ. ಅದು ಮುಗಿಯುವ ಮುನ್ನ ಮುಂದಿನದನ್ನು ಓಡಿಸಿದರೆ ಅದೇ ಫೈಲ್‌ಗಳು ಮತ್ತೆ ಪಟ್ಟಿಗೆ ಬರುತ್ತವೆ. ಸಿಕ್ಕದ್ದನ್ನು ಕ್ವಾರಂಟೈನ್‌ಗೆ (ಓಡದಂತೆ ಬೇರೆಯಾಗಿ ಇಡುವ ಜಾಗ) ಹಾಕಿ, ‘ಡಿಲೀಟ್’ ಮಾಡಬೇಡಿ. ಒಂದೇ ಒಂದು ಫೈಲ್ ತಪ್ಪಾಗಿ ಹಿಡಿಯಲ್ಪಟ್ಟಿದ್ದರೆ ಕ್ವಾರಂಟೈನಿನಿಂದ ಅದನ್ನಷ್ಟೇ ಬಿಡಿಸಿಕೊಳ್ಳಿ. ಅಷ್ಟಕ್ಕಾಗಿ ಇಡೀ ಸಿಸ್ಟಮ್ಮನ್ನು ಹಿಂದಕ್ಕೆ ಎಳೆಯುವ ಅಗತ್ಯವಿಲ್ಲ.

‘ಸ್ಕ್ಯಾನ್ ಮಾಡುವ ಮೊದಲು ಸಿಸ್ಟಂ ರಿಸ್ಟೋರ್ ಆಫ್ ಮಾಡಿ’ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಅದು. ಎಕ್ಸ್‌ಪಿ ಕಾಲದಲ್ಲಿ ಸ್ಕ್ಯಾನರ್‌ಗಳು ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಫೋಲ್ಡರಿನ ಒಳಗೆ ಸೋಂಕಿತ ಫೈಲ್ ಕಂಡು, ಅಳಿಸಲು ಅನುಮತಿಯಿಲ್ಲದೆ ಕಿರುಚುತ್ತಿದ್ದವು. ಅದಕ್ಕೆ ಉಪಾಯವಾಗಿ ಎಲ್ಲವನ್ನೂ ಆಫ್ ಮಾಡಿ ಅಳಿಸುತ್ತಿದ್ದರು. ರಿಸ್ಟೋರ್ ಪಾಯಿಂಟಿನೊಳಗೆ ಬಿದ್ದಿರುವ ಸ್ಪೈವೇರ್ ತಾನಾಗಿ ಎದ್ದು ಓಡುವುದಿಲ್ಲ, ನೀವು ಆ ಪಾಯಿಂಟಿಗೆ ಮರಳಿದರೆ ಮಾತ್ರ ಜೀವ ಬರುತ್ತದೆ. ಸ್ವಚ್ಛತೆಯ ನಡುವೆ ವಿಂಡೋಸ್ ಏಳದೇ ಹೋದರೆ, ಸೋಂಕಿರುವ ಪಾಯಿಂಟಾದರೂ ಸರಿ, ಎದ್ದು ನಿಲ್ಲಲು ಅದೇ ಆಸರೆ. ಹಳೆಯ ಪಾಯಿಂಟ್‌ಗಳನ್ನು ತೆಗೆಯುವುದು ಎಲ್ಲ ಮುಗಿದು, ಎರಡು ಮೂರು ದಿನ ಯಂತ್ರ ಸರಿಯಾಗಿ ನಡೆದ ಮೇಲೆ. ಆಗ ಹೊಸದೊಂದು ಪಾಯಿಂಟ್ ಮಾಡಿ, ಡಿಸ್ಕ್ ಕ್ಲೀನಪ್ ತೆರೆದು ‘ಕ್ಲೀನಪ್ ಸಿಸ್ಟಂ ಫೈಲ್ಸ್’ ಒತ್ತಿ, ‘ಮೋರ್ ಆಪ್ಷನ್ಸ್’ ಪುಟದಲ್ಲಿ ರಿಸ್ಟೋರ್ ವಿಭಾಗದ ಗುಂಡಿ ಒತ್ತಿದರೆ ಕೊನೆಯದೊಂದು ಉಳಿದು ಮಿಕ್ಕವೆಲ್ಲ ಹೋಗುತ್ತವೆ. ಹೊಸದನ್ನು ಮಾಡದೆ ಈ ಗುಂಡಿ ಒತ್ತಿದರೆ ಉಳಿಯುವುದು ಸೋಂಕಿನದೇ ಆಗಿರಬಹುದು.

ಹಿಂದಕ್ಕೆ ಮರಳಲೇಬೇಕಾದಾಗ ಅಡ್ಡಿ ಬರುವುದು ಮತ್ತೆ ಕಾವಲುಗಾರರಿಂದಲೇ. ರಿಸ್ಟೋರ್ ಒಂದು ಫೈಲನ್ನು ಬದಲಿಸಲು ಹೋದಾಗ ರಿಯಲ್‌ಟೈಮ್ ಸ್ಕ್ಯಾನರ್ ಅಥವಾ ಅದರ ಸ್ವರಕ್ಷಣಾ ಡ್ರೈವರ್ ಬಿಡದಿದ್ದರೆ, ಇಡೀ ಪ್ರಕ್ರಿಯೆ ವಿಫಲವಾಗಿ 80070005ರಲ್ಲಿ ಕೊನೆಗೊಳ್ಳುವ ದೋಷಸಂಖ್ಯೆ ಬರುತ್ತದೆ. ಬಹುಶಃ ಆಂಟಿವೈರಸ್ ಓಡುತ್ತಿರುವುದೇ ಕಾರಣ ಎಂದು ವಿಂಡೋಸ್ ಕೂಡ ಅದೇ ಪರದೆಯಲ್ಲಿ ಹೇಳುತ್ತದೆ. ಹೊರಗಿನ ಕಾವಲನ್ನು ಅದರ ಸ್ವಂತ ಸೆಟ್ಟಿಂಗ್ಸ್‌ನಿಂದ ಆಫ್ ಮಾಡಿ ಮತ್ತೆ ಯತ್ನಿಸುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದು, ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಮೂಲಕ ಸಿಸ್ಟಂ ರಿಸ್ಟೋರ್ ಓಡಿಸುವುದು. ಅಲ್ಲಿ ಯಾವ ಸ್ಕ್ಯಾನರೂ ಎದ್ದಿರುವುದಿಲ್ಲ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅದರ ಹಿಂದಿನ ಪಾಯಿಂಟಿಗೆ ಮರಳುವವರಿಗೂ ಈ ದಾರಿಯೇ ಸುರಕ್ಷಿತ. ವಿಂಡೋಸ್ ಒಳಗಿನಿಂದ ಮಾಡಿದರೆ ಈಗಿರುವ ಡ್ರೈವರ್, ಮರಳಿಸಿದ ಸಹಿಪಟ್ಟಿ ತಾಳೆಯಾಗದೆ ನೀಲಿ ಪರದೆ ಬರುವುದನ್ನು ಮೈಕ್ರೋಸಾಫ್ಟೇ ಒಪ್ಪಿಕೊಂಡಿದೆ. ಹಾಗಾಗಿಬಿಟ್ಟಿದ್ದರೆ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ ಡ್ರೈವರ್ ಸಹಿ ಪರೀಕ್ಷೆಯನ್ನು ಒಂದು ಬಾರಿಗೆ ಆಫ್ ಮಾಡಿ ಎಬ್ಬಿಸಿದರೆ ರಿಸ್ಟೋರ್ ಮುಂದುವರಿಯುತ್ತದೆ. ಈ ಹೊರದಾರಿಯಲ್ಲಿ ಮಾಡಿದ ರಿಸ್ಟೋರನ್ನು ರದ್ದು ಮಾಡಲು ಬರುವುದಿಲ್ಲ, ಬೇಕಿದ್ದರೆ ಇನ್ನೊಂದು ಪಾಯಿಂಟ್ ಆರಿಸಿಕೊಳ್ಳಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಗೂಢಲಿಪಿ) ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಿ.

ಪಾಯಿಂಟ್ ಆರಿಸುವಾಗ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಒತ್ತಲು ಮರೆಯಬೇಡಿ. ಆ ಪಟ್ಟಿಯಲ್ಲಿ ನಿಮ್ಮ ಆಂಟಿಸ್ಪೈವೇರ್ ಇದ್ದರೆ ಅದು ಅರ್ಧಂಬರ್ಧ ಉಳಿಯುತ್ತದೆ: ರಿಜಿಸ್ಟ್ರಿ ಮತ್ತು ಎಂಜಿನ್ ಹಳೆಯದು, ಡೇಟಾ ಫೈಲ್‌ಗಳು ಹೊಸವು. ಐಕಾನ್ ಹಸಿರು ತೋರಿಸಿದರೂ ಸೇವೆ ಶುರುವಾಗಿರುವುದಿಲ್ಲ. ಅಂಥದ್ದನ್ನು ರಿಪೇರಿ ಮಾಡುತ್ತ ಕೂರದೆ ಪೂರ್ತಿ ತೆಗೆದು ಹೊಸದಾಗಿ ಹಾಕುವುದೇ ಬೇಗ. ಇನ್ನು ಸ್ವಚ್ಛತೆಗೆ ಮುಂಚಿನ ಪಾಯಿಂಟಿಗೆ ಮರಳಿದ್ದರೆ ಸ್ಪೈವೇರಿನ ಫೈಲೂ ಅದನ್ನು ಎಬ್ಬಿಸುವ ರಿಜಿಸ್ಟ್ರಿ ನಮೂದೂ ಮರಳಿ ಬಂದಿರುತ್ತವೆ. ಇಂಟರ್ನೆಟ್ ಜೋಡಿಸುವ ಮುನ್ನವೇ ಮತ್ತೆ ಸ್ಕ್ಯಾನ್ ಮಾಡಬೇಕು, ಈ ಸಲ ಯಾವ ಸ್ಕ್ಯಾನರ್ ತಪ್ಪು ಮಾಡಿತ್ತೋ ಅದನ್ನು ಬಿಟ್ಟು.

ರಿಸ್ಟೋರಿಗೆ ಎಟುಕದ ಜಾಗಗಳೂ ಇವೆ. ಬ್ರೌಸರಿನ ಕೆಟ್ಟ ಎಕ್ಸ್‌ಟೆನ್ಷನ್‌ಗಳು ಬಳಕೆದಾರರ ಪ್ರೊಫೈಲಿನಲ್ಲಿರುತ್ತವೆ, ಸಿಂಕ್ ಆನ್ ಇದ್ದರೆ ನೀವು ತೆಗೆದರೂ ಖಾತೆಯ ಮೂಲಕ ಮರಳಿ ಇಳಿಯುತ್ತವೆ. ಮೊದಲು ಸಿಂಕ್ ನಿಲ್ಲಿಸಿ, ಎಕ್ಸ್‌ಟೆನ್ಷನ್ ತೆಗೆದು, ನಂತರ ಸಿಂಕ್ ಮಾಡಿ. ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಎದುರು ಇದನ್ನು ನಂಬಿ ಕೂರುವಂತೆಯೇ ಇಲ್ಲ. 2017ರ ವಾನಾಕ್ರೈ ಸೇರಿದಂತೆ ಬಹುತೇಕ ಎಲ್ಲವೂ ಮೊದಲು ಮಾಡುವ ಕೆಲಸಗಳಲ್ಲಿ ಶ್ಯಾಡೋ ಕಾಪಿಗಳನ್ನು ಅಳಿಸುವುದೂ ಒಂದು. ಅದಕ್ಕೆ ಬೇಕಾದದ್ದು ಬೇರೆಡೆ ಬಿಚ್ಚಿಟ್ಟ ಡಿಸ್ಕಿನಲ್ಲಿರುವ ಬ್ಯಾಕಪ್. ಪಾಸ್‌ವರ್ಡ್ ಕದಿಯುವ ಸ್ಪೈವೇರ್ ಆಗಿದ್ದರಂತೂ ಅದು ಬಂದ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಿರುತ್ತದೆ. ನಾಲ್ಕು ಸ್ಕ್ಯಾನರ್ ಓಡಿಸಿ ಯಂತ್ರವನ್ನು ಸ್ವಚ್ಛಗೊಳಿಸುವುದು ಆಗ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಬೇರೊಂದು ಸ್ವಚ್ಛ ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ತೆರೆದಿರುವ ಲಾಗಿನ್‌ಗಳನ್ನು ‘ಸೈನ್ ಔಟ್’ ಮಾಡಿಸಿ. ಕದ್ದ ಕುಕಿ (ಬ್ರೌಸರ್ ಉಳಿಸಿಡುವ ಲಾಗಿನ್ ಗುರುತು) ಇದ್ದರೆ ಹೊಸ ಪಾಸ್‌ವರ್ಡ್ ಕೇಳದೆಯೇ ಖಾತೆಯೊಳಗೆ ನುಗ್ಗಬಹುದು, ಪಾಸ್‌ವರ್ಡ್ ಬದಲಿಸಿ ಇದನ್ನು ಬಿಟ್ಟವರ ಖಾತೆ ಎರಡನೇ ಸಲ ಹೋಗುವುದು ಹಾಗೆ.